ಕಣ್ಣಾಸ್ಪತ್ರೆಯ ಕೊಳದಲ್ಲಿ ನೇರಳೆ ತಾತ

ಬೆಳಕು ಆಗಷ್ಟೇ ಹರಿಯುತ್ತಿದೆ. ಕಣ್ಣಾಸ್ಪತ್ರೆಯ ಒಳ ಅಂಗಳದಲ್ಲಿ, ಕೊಳದ ಕಟ್ಟೆಯ ಮೇಲೆ, ಒಬ್ಬ ಹೆಂಗಸು ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ. ಸೂರ್ಯನೇ ಇನ್ನೂ ಎದ್ದಿಲ್ಲ, ಅವರ ಮುಖದ ಮೇಲೆ ಮಾತ್ರ ದಪ್ಪನೆಯ ಕಪ್ಪು ಕನ್ನಡಕ. ಆಪರೇಷನ್ ಆದವರಿಗೆ ಆಸ್ಪತ್ರೆಯವರು ಕೊಡುತ್ತಾರಲ್ಲ, ಅಂಥದ್ದು. ಕೈಯಲ್ಲಿ ಉದ್ದನೆಯ ಕೋಲು. ಕೋಲಿನ ತುದಿಗೆ ಕಟ್ಟಿರುವುದು ಕಣ್ಣು ಪರೀಕ್ಷೆಯ ಹಳೆಯ ಅಕ್ಷರದ ಹಲಗೆ. ಕನ್ನಡಕವನ್ನು ಹಣೆಗೇರಿಸಿ, ಹಲಗೆಯನ್ನು ತಲೆಕೆಳಗು ಮಾಡಿ, ಓರೆಯಾಗಿ ನೀರಿಗೆ ಇಳಿಸಿ, ಬಗ್ಗಿ ನೋಡುತ್ತಾರೆ. ತುಟಿ ಅಲ್ಲಾಡುತ್ತದೆ. ಹೊಸದಾಗಿ ಸೇರಿದ ಕಾವಲುಗಾರನೊಬ್ಬ ಮೊದಲ ದಿನ ಇದನ್ನು ಕಂಡು, ಯಾರೋ ರೋಗಿ ನೀರಿಗೆ ಬಿದ್ದಿದ್ದಾನೆ, ಬಿದ್ದವನಿಗೆ ಅಲ್ಲೇ ಕಣ್ಣು ಪರೀಕ್ಷೆ ನಡೆಯುತ್ತಿದೆ ಎಂದುಕೊಂಡು ಟಾರ್ಚು ಹಿಡಿದು ಓಡಿ ಬಂದಿದ್ದನಂತೆ.

"ನೀರಿಗೆ ಕಣ್ಣು ಪರೀಕ್ಷೆ ಮಾಡ್ತಿದ್ದೀನಪ್ಪ," ಎಂದರಂತೆ ಆಕೆ. "ಸುಮ್ನೆ ನಿಂತ್ಕೋ. ನಿನ್ನ ಸರದಿ ಆಮೇಲೆ."

ಇವರು ಮೀನಕ್ಕ. ಆಸ್ಪತ್ರೆಯ ಅರ್ಧ ಜನ ಇವರ ಹೆಸರು ಮೀನಾಕ್ಷಿ ಇರಬೇಕು ಎಂದುಕೊಂಡಿದ್ದಾರೆ. ಅಲ್ಲ. ಮೀನು ನೋಡಿಕೊಳ್ಳುವ ಅಕ್ಕ, ಆದ್ದರಿಂದ ಮೀನಕ್ಕ. ಮನೆಯವರು ಇಟ್ಟ ಹೆಸರು ಸಂಬಳದ ದಿನ ಒಂದು ಸಲ ಕೇಳಿಸುತ್ತದೆ. ಆ ದಿನವೂ ಯಾರನ್ನೋ ಕರೆಯುತ್ತಿದ್ದಾರೆ ಎಂದು ಇವರು ಎದ್ದು ಹೋಗುವುದಿಲ್ಲ. ಹಲಗೆ ತಲೆಕೆಳಗು ಯಾಕೆ ಎನ್ನುವುದಕ್ಕೆ ಅವರಲ್ಲಿ ನೇರವಾದ ಉತ್ತರವಿದೆ. "ನೆಟ್ಟಗಿಟ್ರೆ ನನಗೆ ಬಾಯಿಪಾಠ. ನೀರು ಗಂಜಿ ಥರ ಇದ್ರೂ ಗಡಗಡ ಓದ್ಬಿಡ್ತೀನಿ. ಕೆಲವು ರೋಗಿಗಳು ಹಾಗೇ ಮಾಡ್ತಾರೆ, ಮುಂದಿನವರು ಓದೋದು ಕೇಳಿಸ್ಕೊಂಡು ಒಪ್ಪಿಸಿಬಿಡ್ತಾರೆ. ಪಾಸಾಗಿ ಎದ್ದು ಹೋಗಿ ಗೋಡೆಗೆ ಡಿಕ್ಕಿ ಹೊಡೀತಾರೆ."

ಇವತ್ತು ತಳ ಮುಟ್ಟಿದ ದೊಡ್ಡಕ್ಷರವೂ ಕಾಣಿಸುತ್ತಿದೆ. ಆದರೂ ಮೀನಕ್ಕನ ಹಣೆಯ ಗಂಟು ಸಡಿಲವಾಗಿಲ್ಲ. ಚೀಟಿ ಕೊಡುವ ಕಿಟಕಿ ತೆರೆಯುವ ಹೊತ್ತಿಗೆ ಮ್ಯಾನೇಜರು ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಇಲ್ಲಿಗೆ ಬರುತ್ತಾರೆ. ಕೊಳ ಇರಬೇಕೋ, ಮಣ್ಣು ತುಂಬಿಸಿ ಟೈಲ್ಸ್ ಹಾಕಿ ಕುರ್ಚಿ ಸಾಲು ಇಡಬೇಕೋ ಎಂಬುದು ಇವತ್ತು ತೀರ್ಮಾನವಾಗುತ್ತದೆ. ಕೊಳ ಹೋದರೆ ಮೀನು ಯಾರ ಯಾರದೋ ಮನೆಯ ತೊಟ್ಟಿಗೆ. ಮೀನಕ್ಕ ಮತ್ತೆ ಬಟ್ಟೆ ಒಗೆಯುವ ಕೋಣೆಗೆ.

ಒಂದು ಕೊಳಕ್ಕಾಗಿ ಇಷ್ಟು ಎದೆಗುದಿ ಯಾಕೆ ಎಂದರೆ, ಇದು ಬರೀ ಅಂದಕ್ಕೆ ಕಟ್ಟಿದ ಕೊಳವಲ್ಲ. ಇಲ್ಲಿನ ದೊಡ್ಡ ಡಾಕ್ಟರಮ್ಮನಿಗೆ ಒಂದು ಪದ್ಧತಿಯಿದೆ. ಪೊರೆ ತೆಗೆದ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಗೋಡೆಯ ಅಕ್ಷರ ಓದಿಸುತ್ತಾರೆ, ಅದು ಎಲ್ಲ ಕಡೆ ಇರುವುದೇ. ಆಮೇಲೆ ರೋಗಿಯ ಬೆನ್ನು ತಟ್ಟಿ, "ಹೋಗಿ, ಮೀನು ನೋಡ್ಕೊಂಡು ಬನ್ನಿ," ಎಂದು ಅಂಗಳಕ್ಕೆ ಕಳಿಸುತ್ತಾರೆ. ಕೆಂಪು ಮೀನು ಎಲ್ಲರಿಗೂ ಕಾಣುತ್ತದೆ. ಬಿಳಿ ಮೀನು ಬಹಳ ಮಂದಿಗೆ ಕಾಣುತ್ತದೆ. ತಳದ ಕಲ್ಲಿಗೆ ಅಂಟಿಕೊಂಡಂತೆ ಬಿದ್ದಿರುವ ಕಪ್ಪು ಮೀನೊಂದಿದೆ, ಹೆಸರು ಕರಿಯ. ಅವನು ಕಂಡರೆ ಕಣ್ಣು ಸರಿಹೋಯಿತು ಎಂದು ಲೆಕ್ಕ. "ಕರಿಯ ಸಿಕ್ಕಿದನಾ?" ಎಂಬುದು ಈ ಆಸ್ಪತ್ರೆಯಲ್ಲಿ "ಆರಾಮಾ?" ಎಂದು ಕೇಳಿದ ಹಾಗೆ.

ಬೇಸಗೆಯಲ್ಲಿ ಈ ಕೊಳ ಹಸಿರಾಯಿತು. ಪಾಲಕ್ ಸೊಪ್ಪು ಅರೆದು ಕಲಸಿದಂಥ ಹಸಿರು. ಆಗ ನೋಡಬೇಕಿತ್ತು ತಮಾಷೆ. ಪಟ್ಟಿ ಬಿಚ್ಚಿಸಿಕೊಂಡು ಹೋದ ಒಬ್ಬ ಅಜ್ಜಿ ವಾಪಸು ಬಂದು, ತನಗೆ ಹಸಿರು ಬಣ್ಣದ ಲೆನ್ಸು ಹಾಕಿಬಿಟ್ಟಿದ್ದಾರೆ, ಬೇರೆ ಬಣ್ಣದ್ದು ಇದ್ದರೆ ಬದಲಾಯಿಸಿ ಕೊಡಿ, ಸೀರೆಯ ಅಂಗಡಿಯಲ್ಲಿ ಕೊಡುತ್ತಾರಲ್ಲ ಎಂದು ಕೂತರು. ಟೈಲರೊಬ್ಬರು ಸೂಜಿಗೆ ದಾರ ಪೋಣಿಸಿ ತೋರಿಸಿದರೂ, "ಮೀನು ಕಾಣದ ಕಣ್ಣು ಇಟ್ಕೊಂಡು ಏನ್ ಮಾಡ್ಲಿ?" ಎಂದು ಮನೆಗೆ ಹೊರಡಲೊಪ್ಪಲಿಲ್ಲ. ಇನ್ನೊಬ್ಬರು ಬಹಳ ಮರ್ಯಾದಸ್ಥರು. ಡಾಕ್ಟರಮ್ಮ ಬೇಜಾರು ಮಾಡಿಕೊಂಡಾರು ಎಂದು ಐವತ್ತು ಮೀನು ಕಂಡೆ ಎಂದರು. ಕೊಳದಲ್ಲಿ ಅಷ್ಟು ಮೀನಿಲ್ಲ ಎಂದಾಗ, "ಮರಿ ಹಾಕಿರಬೇಕು ತಾಯಿ," ಎಂದರು.

ನಗುವವರು ನಕ್ಕರು. ಮೀನಕ್ಕ ಮಾತ್ರ ರೋಗಿಗಳ ಬೆಂಚಿನ ಕಡೆ ನೋಡುವುದನ್ನೇ ಬಿಟ್ಟರು.

ಅವರು ಈ ಕೊಳಕ್ಕೆ ಬಂದದ್ದು ಬಟ್ಟೆಯ ಕೋಣೆಯಿಂದ. ಆಪರೇಷನ್ ಕೋಣೆಯ ಹಸಿರು ಹೊದಿಕೆ, ಹಸಿರು ನಿಲುವಂಗಿ, ಹಸಿರು ಟೋಪಿ ಒಗೆದು, ಒಣಗಿಸಿ, ಮಡಿಸಿ ಅರ್ಧ ಆಯುಷ್ಯ ಕಳೆದಿದ್ದಾರೆ. "ಹಸಿರು ನನ್ನ ಹಣೇಲೇ ಬರೆದಿದೆ," ಎನ್ನುತ್ತಾರೆ. "ಅಲ್ಲಿ ಹಸಿರು ಹೋಗದ ಹಾಗೆ ಒಗೀಬೇಕಿತ್ತು, ಇಲ್ಲಿ ಹಸಿರು ಹೋಗೋ ಹಾಗೆ ತೊಳೀಬೇಕು." ಸೋಪಿನ ನೀರಿಗೆ ಬೆರಳ ಸಂದೆಲ್ಲ ಬಿರಿದು ಬಟ್ಟೆ ಹಿಂಡಲಾಗದಂತಾದಾಗ, ಸಾಬೂನು ಮುಟ್ಟದ ಕೆಲಸ ಯಾವುದಾದರೂ ಕೊಡಿ ಎಂದು ಕೇಳಿದರು. ಮಾಲಿ ಬಿಟ್ಟು ಹೋಗಿದ್ದ. ಕೊಳ ಕೊಟ್ಟರು. ಅವರ ಗಂಡ ಅದೇ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕಣ್ಣಿಗೆ ಕಟ್ಟುವ ಪಟ್ಟಿ ಹೊಲಿಯುತ್ತಾರೆ. "ಅವರು ಮುಚ್ತಾರೆ, ನಾನು ತೋರಿಸ್ತೀನಿ. ಸಂಸಾರ ಅಂದ್ಮೇಲೆ ಹಾಗೇ ತಾನೆ?"

ಬಟ್ಟೆಯ ಕೋಣೆಗೆ ಮರಳಲು ಅವರಿಗೆ ಬೆರಳಿನ ಭಯ ಒಂದೇ ಅಲ್ಲ. "ಪಟ್ಟಿ ಬಿಚ್ಚಿದ ತಕ್ಷಣ ಜನ ಡಾಕ್ಟ್ರ ಮುಖ ನೋಡ್ತಾರೆ, ಗಾಬರಿಯಿಂದ. ಇಲ್ಲಿಗೆ ಬಂದು ಮೀನು ನೋಡಿದ್ಮೇಲೆ ನಗ್ತಾರೆ. ಆ ನಗು ಡಾಕ್ಟ್ರಿಗೆ ಸಿಗಲ್ಲ, ಪಕ್ಕದಲ್ಲಿ ನಿಂತಿರೋ ನನಗೆ ಸಿಗುತ್ತೆ. ಬಟ್ಟೆ ಕೋಣೇಲಿ ಯಾವ ಹೊದಿಕೆ ನನ್ನ ನೋಡಿ ನಗುತ್ತೆ ಹೇಳಿ."

ಮೊದಲ ವರ್ಷಗಳಲ್ಲಿ ಪಾಚಿಯ ಜೊತೆ ಅವರದು ಕೈಕೈ ಮಿಲಾಯಿಸುವ ಜಗಳ. ಬಕೆಟ್ಟಿನಲ್ಲಿ ಹಸಿರು ನೀರು ಎತ್ತಿ ಚೆಲ್ಲುವುದು, ಹೊಸ ನೀರು ಬಿಡುವುದು, ಅದು ಮತ್ತೆ ಹಸಿರಾಗುವುದು. ಕಡೆಗೆ ಅಲಂಕಾರದ ಮೀನು ಮಾರುವ ಅಂಗಡಿಯವನು ಬಂದು, ಒಂದು ದೀಪದ ಕೊಳವೆ ಹಾಕಿಸಿದರೆ ಈ ರಗಳೆ ತಪ್ಪುತ್ತದೆ ಎಂದ. ಯಾವ ದೀಪ ಎಂದು ದೊಡ್ಡ ಡಾಕ್ಟರಮ್ಮ ಕೇಳಿದರು. ನೇರಳಾತೀತ ಬೆಳಕು ಎಂದ ಕೂಡಲೇ ಕುರ್ಚಿಯಿಂದ ಎದ್ದರು.

"ಆ ಬೆಳಕು ಕಣ್ಣಿಗೆ ಬೀಳಬಾರದು ಅಂತ ದಿನಾ ಕಪ್ಪು ಕನ್ನಡಕ ಬರ್ಕೊಡೋಳು ನಾನು. ಅದನ್ನೇ ತಂದು ನನ್ನ ಅಂಗಳದಲ್ಲಿ ಹಚ್ತೀಯಾ? ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯ್ತು."

ಅಂಗಡಿಯವನು ಬೆವರಿದ. ಬೆಳಕು ಕೊಳವೆ ಬಿಟ್ಟು ಹೊರಗೆ ಬರುವುದಿಲ್ಲ, ನೀರೇ ಒಳಗೆ ಹೋಗಿ ಬೆಳಕಿನ ಪಕ್ಕ ಹಾದು ಬರುತ್ತದೆ ಎಂದು ಬಿಡಿಸಿ ಹೇಳಿದ. ಡಾಕ್ಟರಮ್ಮ ಕೊಳವೆಯನ್ನು ತಿರುಗಿಸಿ ಮುರುಗಿಸಿ ನೋಡಿ ಎರಡು ಷರತ್ತು ಹಾಕಿದರು. ದೀಪ ಉರಿಯುವಾಗ ಯಾರೂ ಕೊಳವೆ ಬಿಚ್ಚಬಾರದು. ಮೀನಕ್ಕ ಅದರ ಹತ್ತಿರ ಹೋದಾಗಲೆಲ್ಲ ಕಣ್ಣಿಗೆ ಕನ್ನಡಕವಿರಬೇಕು. ಕನ್ನಡಕ ಬಂದದ್ದು ಹೀಗೆ. ಕೊಳವೆಯ ಮೇಲೆ ಮೀನಕ್ಕ ತಾವಾಗಿಯೇ ಒಂದು ಕಪ್ಪು ಟಬ್ಬು ಕವಿಚಿದ್ದಾರೆ. "ನನಗೊಂದು ಕನ್ನಡಕ, ಅದಕ್ಕೊಂದು ಕನ್ನಡಕ. ಇಬ್ಬರಿಗೂ ದೃಷ್ಟಿದೋಷ ಬೇಡ."

ಅವತ್ತು ಅಂಗಡಿಯವನು ಹೇಳಿದ "ನೇರಳಾತೀತ" ಮೀನಕ್ಕನ ಕಿವಿಗೆ "ನೇರಳೆ ತಾತ" ಎಂದು ಬಿತ್ತು. ಬಿದ್ದದ್ದು ಹಾಗೇ ಉಳಿಯಿತು. ಈಗ ಡಾಕ್ಟರಮ್ಮನೂ ಅದನ್ನೇ ಹೇಳುತ್ತಾರೆ. ಬೆಳಿಗ್ಗೆ ತಾತ ಎದ್ದಿದ್ದಾನಾ, ತಾತನ ಮೈ ಬಿಸಿ ಇದೆಯಾ, ತಾತನಿಗೆ ಸ್ನಾನ ಆಯಿತಾ, ಎಲ್ಲ ಮಾತೂ ಅದೇ ಧಾಟಿಯಲ್ಲಿ. ಒಂದು ಸಲ ದೀಪಕ್ಕೆ ಕರೆಂಟು ತರುವ ತಂತಿ ಸುಟ್ಟು ಹೋದಾಗ ಕರೆಂಟಿನ ಕೆಲಸದ ಹುಡುಗ ಪಡಸಾಲೆಯ ಆ ತುದಿಯಿಂದ, "ಮೀನಕ್ಕಾ, ತಾತ ಹೋಗ್ಬಿಟ್ಟ," ಎಂದು ಕೂಗಿದ. ಗಂಡಸರ ವಾರ್ಡಿನ ಮುಂದೆ ಕಾಯುತ್ತಿದ್ದ ಒಬ್ಬ ಮೊಮ್ಮಗಳು ಕುಸಿದು ಕೂತು ಅಳತೊಡಗಿದಳು. ಒಳಗೆ ಅವಳ ತಾತ ಚಪ್ಪರಿಸಿಕೊಂಡು ಬ್ರೆಡ್ಡು ತಿನ್ನುತ್ತಿದ್ದರು.

ಈ ತಾತ ಕೆಲಸ ಮಾಡುವ ಬಗೆಯನ್ನು ಮೀನಕ್ಕನ ಬಾಯಲ್ಲೇ ಕೇಳಬೇಕು. "ತಳದ ಪಂಪು ನೀರು ಎಳ್ಕೊಳ್ಳುತ್ತೆ. ನೀರು ತಾತನ ಪಕ್ಕ ಹಾದು ಹೋಗುತ್ತೆ. ಹಸಿರು ಅಂದ್ರೆ ಏನು, ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಪಾಚಿ, ನೀರಲ್ಲಿ ತೇಲ್ತಾ ಇರುತ್ತೆ. ತಾತನ ಬೆಳಕು ತಾಗಿದ್ರೆ ಅದರ ಕಥೆ ಮುಗೀತು. ಸತ್ತಿದ್ದು ಒಂದಕ್ಕೊಂದು ಅಂಟ್ಕೊಂಡು ಮುದ್ದೆಯಾಗುತ್ತೆ. ಮುದ್ದೆ ಹೋಗಿ ನೀರು ಸೋಸೋ ಡ್ರಮ್ಮಿನ ಸ್ಪಂಜಲ್ಲಿ ಸಿಕ್ಕಿಕೊಳ್ಳುತ್ತೆ. ಸ್ಪಂಜು ನಾನು ತೊಳೀತೀನಿ, ಕೊಳದ ನೀರಲ್ಲೇ. ಮದ್ದು ಬೆರೆಸಿರೋ ನಲ್ಲಿ ನೀರು ಹಾಕಿದ್ರೆ ಸ್ಪಂಜಲ್ಲಿರೋ ಒಳ್ಳೇ ಹುಳಾನೂ ಸಾಯುತ್ತೆ. ಇನ್ನು ಕಲ್ಲಿಗೆ ಜಡೆ ಥರ ಅಂಟಿರೋ ಪಾಚಿ ಇದೆಯಲ್ಲ, ಅದು ತಾತನ ಹತ್ತಿರ ಹೋಗೋದೇ ಇಲ್ಲ, ಹಠಮಾರಿ. ಅದನ್ನ ನಾನೇ ಕೋಲಿಗೆ ಸುತ್ತಿ ಸುತ್ತಿ ಎಳೀತೀನಿ. ಓಡಾಡೋ ಪಾಚಿಗೆ ತಾತ, ಕೂತಿರೋ ಪಾಚಿಗೆ ನಾನು."

ಹಾಗಿದ್ದರೂ ಬೇಸಗೆಯಲ್ಲಿ ನೀರು ಹಸಿರಾದದ್ದು ಯಾಕೆ? ಅದು ಮೀನಕ್ಕನದೇ ತಪ್ಪು, ಅದನ್ನು ಅವರು ಮುಚ್ಚಿಡುವುದಿಲ್ಲ. ವರ್ಷವಾದರೆ ದೀಪ ಬದಲಾಯಿಸಬೇಕು ಎಂದು ಅಂಗಡಿಯವನು ಹೇಳಿ ಹೋಗಿದ್ದ. ವರ್ಷ ಕಳೆಯಿತು. ಕೊಳವೆಯ ಸಣ್ಣ ಕಿಂಡಿಯಲ್ಲಿ ನೀಲಿ ಬೆಳಕು ಮೊದಲಿನ ಹಾಗೇ ಕಾಣುತ್ತಿತ್ತು. ಉರಿಯುವ ದೀಪವನ್ನು ಯಾರಾದರೂ ಎಸೆಯುತ್ತಾರೆಯೇ? ಎರಡನೇ ವರ್ಷವೂ ಉರಿಯಿತು. ಮೀನಕ್ಕ ಕಂಡವರ ಮುಂದೆಲ್ಲ ಬೀಗಿದರು. "ನನ್ನ ಕೈಗುಣ ನೋಡಿ, ಒಂದು ವರ್ಷದ ದೀಪಾನ ಎರಡು ವರ್ಷ ನಡೆಸಿದ್ದೀನಿ." ನೀರು ಹಸಿರಾಗಲು ಶುರುವಾದಾಗ ಅವರು ಎಲ್ಲರ ಮೇಲೂ ಅನುಮಾನಪಟ್ಟರು: ಬಿಸಿಲು, ಪಂಪು, ಬ್ರೆಡ್ಡಿನ ಚೂರು ಎಸೆಯುವ ರೋಗಿಗಳು, ಕಡೆಗೆ ಮೀನುಗಳ ಹೊಟ್ಟೆ. ತಾತನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ತಾತ ಉರಿಯುತ್ತಿದ್ದಾನಲ್ಲ.

ಊರಿಗೆಲ್ಲ ಒಂದೊಂದು ಮದ್ದು ಗೊತ್ತಿತ್ತು. ಕಸ ಗುಡಿಸುವಾಕೆ ಇನ್ನೊಂದಿಷ್ಟು ಮೀನು ಬಿಡಿ ಎಂದಳು. ಮ್ಯಾನೇಜರು ಕಕ್ಕಸು ತೊಳೆಯುವ ಪುಡಿ ಹಾಕಿ ಎಂದರು. ಮೀನಕ್ಕನ ಅತ್ತೆ, ಎಂಬತ್ತು ದಾಟಿದವರು, ಮನೆಯಲ್ಲಿ ಕೂತೇ ತೀರ್ಪು ಕೊಟ್ಟರು. "ಕೊಳಕ್ಕೆ ದೃಷ್ಟಿ ಆಗಿದೆ ಕಣೇ. ದಿನಾ ಅಷ್ಟು ಹೊಸ ಕಣ್ಣು ಬಿದ್ರೆ ಆಗದೆ ಇರುತ್ತಾ?"

ಮ್ಯಾನೇಜರು ಎರಡನೇ ಮಹಡಿಯ ಕಿಟಕಿಯಿಂದ ಕೊಳ ನೋಡುವವರು. ಅಲ್ಲಿಂದ ಅದು ಹಸಿರು ಚಾಪೆ ಹಾಸಿದ ಹಾಗೆ ಕಾಣುತ್ತಿತ್ತು. ಆ ಜಾಗದಲ್ಲಿ ಕುರ್ಚಿ ಹಾಕಿದರೆ ಕಾಯುವವರಿಗೆ ಅನುಕೂಲ, ಮಣ್ಣು ಎರಡು ತಳ್ಳುಗಾಡಿ ಸಾಕು ಎಂದು ಲೆಕ್ಕ ಹಾಕಿದರು. ಡಾಕ್ಟರಮ್ಮನೂ ಸೋತಿದ್ದರು. ರೋಗಿಗಳ ಜೊತೆ ಲೆನ್ಸಿನ ಬಣ್ಣದ ಚರ್ಚೆ ಮಾಡಿ ಮಾಡಿ ಅವರಿಗೂ ಸಾಕಾಗಿತ್ತು. "ತಿಂಗಳ ಕೊನೆಗೂ ಕರಿಯ ಕಾಣದಿದ್ರೆ ಮುಚ್ಚಿಬಿಡೋಣ," ಎಂದು ಒಪ್ಪಿದರು. ಮೀನಕ್ಕ ಅಲ್ಲೇ ನಿಂತಿದ್ದರು. ಹೋಗಿ ಸ್ಪಂಜು ತೊಳೆಯತೊಡಗಿದರು. ಆಗಲೇ ತೊಳೆದಿಟ್ಟಿದ್ದ ಸ್ಪಂಜು ಅದು.

ಇನ್ನು ಮುಂದಿನದು ಒಂದು ಮಾತಿನ ಕಥೆ. ಕರೆಂಟಿನ ಹುಡುಗ ಎಂದೆವಲ್ಲ, ಅವನನ್ನು ಎಲ್ಲರೂ ವೈರಣ್ಣ ಎನ್ನುತ್ತಾರೆ. ವೈರು ಹಿಡಿದು ಓಡಾಡುವವನು ಎಂಬುದು ಒಂದು ಕಾರಣ. ಆಸ್ಪತ್ರೆಯಲ್ಲಿ ಅವನ ಜೊತೆ ವೈರ ಕಟ್ಟಿಕೊಳ್ಳದವರು ಯಾರೂ ಇಲ್ಲ ಎಂಬುದು ಇನ್ನೊಂದು. ಕೊಳವೆಯ ಒಳಗಿನ ಗಾಜಿಗೆ ಸುಣ್ಣದ ಕರೆ ಕಟ್ಟಿರಬಹುದು, ಬಿಚ್ಚಿ ಒರೆಸೋಣ ಎಂದು ಮೀನಕ್ಕನಿಗೆ ಅನ್ನಿಸಿತು. ಬಿಚ್ಚಬೇಕಾದರೆ ದೀಪ ಆರಿರಬೇಕು, ಅದು ಡಾಕ್ಟರಮ್ಮನ ಷರತ್ತು. ಸಂಜೆ ಮನೆಗೆ ಹೊರಡುವಾಗ ವೈರಣ್ಣನನ್ನು ಕರೆದು ಹೇಳಿದರು: "ಬೆಳಿಗ್ಗೆ ನಾನು ಬರೋಷ್ಟರಲ್ಲಿ ತಾತನ ದೀಪ ದೊಡ್ಡದು ಮಾಡಿಡಪ್ಪ."

ಮೀನಕ್ಕನ ಅತ್ತೆಯ ಮನೆಯಲ್ಲಿ ದೀಪ ಆರಿಸು ಎನ್ನುವ ಹಾಗಿಲ್ಲ. ಬಾಗಿಲು ಹಾಕು ಎನ್ನುವಂತಿಲ್ಲ, ಮುಂದೆ ಮಾಡು ಎನ್ನಬೇಕು. ಹೋಗ್ತೀನಿ ಎನ್ನುವಂತಿಲ್ಲ, ಬರ್ತೀನಿ ಎನ್ನಬೇಕು. ದೀಪ ಆರಿಸಬೇಕಾದರೆ ದೊಡ್ಡದು ಮಾಡು ಎನ್ನಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಲ ಬಾಯಿ ತಪ್ಪಿ ಆರಿಸು ಎಂದು, ಒಂದು ವಾರ ಅತ್ತೆಯ ಮಾತು ಕಳೆದುಕೊಂಡವರು ಮೀನಕ್ಕ. ವೈರಣ್ಣ ಹುಟ್ಟಿ ಬೆಳೆದದ್ದು ಸ್ವಿಚ್ಚಿನ ಮನೆಯಲ್ಲಿ. ಅವನ ಮಟ್ಟಿಗೆ ದೊಡ್ಡದು ಅಂದರೆ ದೊಡ್ಡದು.

ಅವನು ಯೋಚಿಸಿದ. ಉಗ್ರಾಣದಲ್ಲಿ, ಹಳೆಯ ಹಾಸಿಗೆಗಳ ಅಡಿಯಲ್ಲಿ ಒಂದು ಪೆಟ್ಟಿಗೆಯಿತ್ತು. ಮೊದಲ ಸಲ ಅಂಗಡಿಯವನು ತಪ್ಪಿ ಕಳಿಸಿದ್ದ, ಕೆರೆಯಂಥ ಕೊಳಕ್ಕೆ ಹಾಕುವ ದೊಡ್ಡ ದೀಪ. ವಾಪಸು ಕಳಿಸಲು ಯಾರಿಗೂ ಪುರಸತ್ತಾಗಿರಲಿಲ್ಲ. ವೈರಣ್ಣನ ಕಣ್ಣು ಬಹಳ ದಿನದಿಂದ ಅದರ ಮೇಲಿತ್ತು. ಈಗ ಮೀನಕ್ಕನೇ ಬಾಯಿ ಬಿಟ್ಟು ಕೇಳಿದ್ದಾರೆ. ಕತ್ತಲಾಗುವುದರೊಳಗೆ ಹಳೆಯ ಕೊಳವೆ ಕಿತ್ತು, ದೊಡ್ಡದನ್ನು ಕೂರಿಸಿ, ತಂತಿ ಜೋಡಿಸಿ ಮನೆಗೆ ಹೋದ.

ಬೆಳಿಗ್ಗೆ ಮೀನಕ್ಕ ಬಂದು ಕಪ್ಪು ಟಬ್ಬು ಎತ್ತಿದರು. ತಿರುಪು ಬಿಚ್ಚಲು ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಆರಿರಬೇಕಾದ ತಾತ, ರಾತ್ರಿ ಬೆಳಗಾಗುವುದರಲ್ಲಿ ತೋಳುದ್ದ ಬೆಳೆದು, ಕಿಂಡಿಯಲ್ಲಿ ಧಗಧಗ ನೀಲಿಯಾಗಿ ಕೂತಿದ್ದ. ಮೀನಕ್ಕ ಟಬ್ಬು ದಬಕ್ಕನೆ ಕವಿಚಿ, ಕನ್ನಡಕ ಸರಿಯಾಗಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿಕೊಂಡು, ವೈರಣ್ಣ ಬರುವ ತನಕ ಕಟ್ಟೆಯ ಮೇಲೆ ಕೂತರು. ಅವನು ಬಂದ, ಶಹಬ್ಬಾಸ್‌ಗಿರಿ ಸಿಗುತ್ತದೆ ಎಂಬ ಮುಖ ಮಾಡಿಕೊಂಡು.

"ಏನೋ ಇದು?"

"ನೀವೇ ಹೇಳಿದ್ರಲ್ಲಕ್ಕಾ. ದೊಡ್ಡದು ಮಾಡು ಅಂತ. ಇದಕ್ಕಿಂತ ದೊಡ್ಡದು ಅಂಗಡೀಲೂ ಇಲ್ಲ."

"ದೊಡ್ಡದು ಮಾಡು ಅಂದ್ರೆ ಶಾಂತ ಮಾಡು ಅಂತ ಕಣೋ."

"ಶಾಂತ ಅಂದ್ರೆ?"

"ಅಯ್ಯೋ ನಿನ್ನ. ಉರಿಯೋದು ನಿಲ್ಸು ಅಂತ."

"ಆರಿಸು ಅನ್ನೋದು ತಾನೆ?"

"ಆ ಮಾತು ಬಾಯಲ್ಲಿ ಹೇಗೋ ಆಡೋದು."

ವೈರಣ್ಣ ತಲೆ ಕೆರೆದುಕೊಂಡ. "ಅಲ್ಲಕ್ಕಾ, ಆರಿಸು ಅಂದಿದ್ರೂ ಕಷ್ಟ ಇತ್ತು. ಇರೋದ್ರಲ್ಲಿ ಒಂದನ್ನ ಆರಿಸ್ಕೋ ಅಂತಿದ್ದೀರಿ ಅಂದ್ಕೊಂಡು, ಆಗಲೂ ಇದನ್ನೇ ಆರಿಸ್ತಿದ್ದೆ."

ಮೀನಕ್ಕ ಬೈಯಲು ಬಾಯಿ ತೆರೆದವರು ನಕ್ಕುಬಿಟ್ಟರು. ಆಮೇಲೆ ನಗು ನಿಂತಿತು. ಟಬ್ಬಿನಡಿ ಕತ್ತಲೇ ಇದೆ ಎಂದು ನಂಬಿ ಕೊಳವೆ ಬಿಚ್ಚಿದ್ದರೆ, ಕಣ್ಣಾಸ್ಪತ್ರೆಯಲ್ಲೇ ಕಣ್ಣು ಕೆಡಿಸಿಕೊಳ್ಳಬೇಕಾಗುತ್ತಿತ್ತು. ಅವತ್ತಿನಿಂದ ಇಬ್ಬರ ನಡುವೆ ಒಪ್ಪಂದವಾಗಿದೆ: ಮಾತೇ ಬೇಡ. ವೈರಣ್ಣ ಪ್ಲಗ್ಗು ಕಿತ್ತು ತಂದು ಮೀನಕ್ಕನ ಕೈಯಲ್ಲಿಡಬೇಕು. ಪ್ಲಗ್ಗಿನ ತುದಿ ಕೈಯಲ್ಲಿದ್ದರೆ ತಾತ ಮಲಗಿದ್ದಾನೆ ಎಂದರ್ಥ.

ಬಂದ ತಾತನನ್ನು ಹೋಗು ಎನ್ನಲು ಮನಸ್ಸಾಗದೆ ದೊಡ್ಡ ದೀಪವನ್ನು ಹಾಗೇ ಬಿಟ್ಟರು. ಒಂದು ವಾರಕ್ಕೆ ಹಲಗೆಯ ಮೇಲಿನ ಸಾಲು ಕಂಡಿತು. ಮರುವಾರಕ್ಕೆ ನಡುವಿನ ಸಾಲು. ವೈರಣ್ಣ ತನ್ನ ದೀಪದ ಗಾತ್ರದ ಮಹಿಮೆ ಎಂದು ಮೆರೆದ. ಮೀನಕ್ಕನಿಗೆ ನಂಬಿಕೆ ಬರದೆ ಅಂಗಡಿಯವನಿಗೆ ಫೋನು ಮಾಡಿಸಿದರು. ಅವನು ಆ ಕಡೆಯಿಂದ ನಕ್ಕು ಹೇಳಿದ: "ಗಾತ್ರ ಅಲ್ಲಮ್ಮ, ವಯಸ್ಸು. ನಿಮ್ಮ ಹಳೇ ದೀಪದ ಶಕ್ತಿ ಒಂದು ವರ್ಷಕ್ಕೇ ಮುಗಿದಿತ್ತು. ಪಾಚಿ ಸಾಯಿಸೋ ಬೆಳಕು ಕಣ್ಣಿಗೆ ಕಾಣಲ್ಲ. ನಿಮಗೆ ಕಾಣ್ತಿದ್ದ ನೀಲಿ ಬರೀ ಅಲಂಕಾರ."

ಎರಡು ವರ್ಷ ನಡೆಸಿದೆ ಎಂದು ಬೀಗಿದ್ದ ಮೀನಕ್ಕ ಫೋನು ಕೆಳಗಿಟ್ಟು ವೈರಣ್ಣನ ಕಡೆ ತಿರುಗಿದರು. "ಉರೀತಾ ಇದ್ದ, ಕೆಲಸ ಮಾತ್ರ ಮಾಡ್ತಿರಲಿಲ್ಲ," ಎಂದರು. "ಅಂಥೋರು ಮೇಜಿನ ಮುಂದೂ ಕೂತಿರ್ತಾರೆ ಬಿಡು. ಯಾವ ಮೇಜು ಅಂತ ಕೇಳಬೇಡ."

ತಿಂಗಳ ಕೊನೆಯ ಈ ಬೆಳಿಗ್ಗೆ ಚೀಟಿಯ ಕಿಟಕಿ ತೆರೆಯುತ್ತದೆ. ಹೇಳಿದ ಹೊತ್ತಿಗೆ ಮ್ಯಾನೇಜರು ಬರುತ್ತಾರೆ, ಹಿಂದೆ ಟೇಪು ಹಿಡಿದ ಗಾರೆ ಮೇಸ್ತ್ರಿ. ಎದುರು ಬಾಗಿಲಿನಿಂದ ದೊಡ್ಡ ಡಾಕ್ಟರಮ್ಮ, ಅವರ ತೋಳು ಹಿಡಿದುಕೊಂಡು ಆಗಷ್ಟೇ ಪಟ್ಟಿ ಬಿಚ್ಚಿಸಿಕೊಂಡ, ತರಕಾರಿ ಗಾಡಿ ತಳ್ಳುವ ಒಬ್ಬ ಮುದುಕರು. ಮೀನಕ್ಕ ಕಂಬದ ಪಕ್ಕಕ್ಕೆ ಸರಿದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ. ಬಿಚ್ಚುತ್ತಾರೆ. ಮತ್ತೆ ಸುತ್ತುತ್ತಾರೆ.

"ನೋಡಿ ಅಜ್ಜ, ಏನ್ ಕಾಣುತ್ತೆ ಹೇಳಿ," ಎನ್ನುತ್ತಾರೆ ಡಾಕ್ಟರಮ್ಮ.

ಮುದುಕರು ಕಟ್ಟೆಗೆ ಕೈಯೂರಿ ಬಗ್ಗುತ್ತಾರೆ. ಬಹಳ ಹೊತ್ತು ನೋಡುತ್ತಾರೆ. "ಇದೇನ್ ತಾಯಿ, ಮೀನು ಗಾಳೀಲಿ ತೇಲ್ತಿವೆ. ನೀರು ಬಿಡೋದು ಮರೆತಿದ್ದೀರಾ?"

ಡಾಕ್ಟರಮ್ಮ ತಟ್ಟನೆ ಬಗ್ಗಿ ಮುದುಕರ ಕಣ್ಣನ್ನೇ ನೋಡುತ್ತಾರೆ, ಮಾಡಿದ ಆಪರೇಷನ್ ಅವರದೇ. ಮುದುಕರು ಬೆರಳು ಇಳಿಸುತ್ತಾರೆ. ಬೆರಳು ಒದ್ದೆಯಾಗುತ್ತದೆ. "ಇದೆ ಇದೆ," ಎಂದು ಒಪ್ಪಿಕೊಂಡು, ಒದ್ದೆ ಬೆರಳನ್ನೇ ತಳದ ಕಲ್ಲಿನತ್ತ ತೋರಿಸುತ್ತಾರೆ. "ಅಲ್ಲೊಬ್ಬ ಕಪ್ಪಗೆ ಸೋಮಾರಿ ಥರ ಬಿದ್ದವ್ನೆ."

ಮ್ಯಾನೇಜರು ಮೊದಲ ಸಲ ಕಟ್ಟೆಯ ಹತ್ತಿರ ಬಂದು ಬಗ್ಗುತ್ತಾರೆ. "ಇವನೇನಾ ಕರಿಯ? ನಾನಿವನನ್ನ ನೀವೆಲ್ಲ ಸೇರಿ ಕಟ್ಟಿದ ಕಥೆ ಅಂದ್ಕೊಂಡಿದ್ದೆ." ಆದರೆ ಕುರ್ಚಿಯ ಆಸೆ ಬಿಟ್ಟಿಲ್ಲ. "ಆದ್ರೂ ಮೇಸ್ತ್ರಿ, ಅಳತೆ ತಗೊಂಡಿರು. ಬಂದಿದ್ದೀಯಲ್ಲ."

ಮೇಸ್ತ್ರಿ ನೀರಿನೊಳಗೆ ಒಂದು ನೋಟ ಹಾಕುತ್ತಾನೆ. ತಳದ ಒಂದೊಂದು ಹರಳೂ ಎಣಿಸುವ ಹಾಗೆ ಕಾಣುತ್ತಿದೆ. "ಮೊಣಕಾಲುದ್ದ ಇದ್ರೆ ಹೆಚ್ಚು," ಎಂದು ಪಂಚೆ ಎತ್ತಿ ಕಟ್ಟಿ, ಟೇಪು ಹಿಡಿದು ಇಳಿಯುತ್ತಾನೆ. ಇಳಿದವನು ಇಳಿಯುತ್ತಲೇ ಹೋಗುತ್ತಾನೆ. ನೀರು ಎದೆಗೆ ಬಂದು ನಿಲ್ಲುತ್ತದೆ. ಟೇಪು ಹಿಡಿದ ಕೈಯೊಂದು ಮೇಲಿದೆ. ಕೆಂಪು ಮೀನೊಂದು ಅವನ ಅಂಗಿಯ ಜೇಬು ಮೂಸಿ ನೋಡುತ್ತದೆ.

ಮೇಸ್ತ್ರಿ ಕೆಲಸದ ಮನುಷ್ಯ. ನಿಂತಲ್ಲೇ ಲೆಕ್ಕ ಒಪ್ಪಿಸುತ್ತಾನೆ. "ಸಾರ್, ಎರಡು ತಳ್ಳುಗಾಡಿ ಅಂದ್ರಿ. ಇದಕ್ಕೆ ಲಾರಿಗಟ್ಟಲೆ ಮಣ್ಣು ಬೇಕು. ಲಾರಿ ಈ ಅಂಗಳಕ್ಕೆ ಹೇಗೆ ಬರುತ್ತೆ? ಬುಟ್ಟೀಲಿ ಹೊರಬೇಕು, ಆಪರೇಷನ್ ಕೋಣೆ ಮುಂದೇನೇ."

"ನನ್ನ ಥಿಯೇಟರ್ ಮುಂದೆ ಮಣ್ಣಾ?" ಎನ್ನುತ್ತಾರೆ ಡಾಕ್ಟರಮ್ಮ. ಮೆಲ್ಲಗೇ ಹೇಳುತ್ತಾರೆ. ಮ್ಯಾನೇಜರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

"ಹಾಗಾದ್ರೆ ಇರ್ಲಿ ಬಿಡಿ. ಕುರ್ಚಿ ಬೇರೆ ಕಡೆ ನೋಡೋಣ."

ಇಷ್ಟು ಹೊತ್ತು ಕಂಬದ ಪಕ್ಕ ನಿಂತಿದ್ದ ಮೀನಕ್ಕ ಈಗ ಮುಂದೆ ಬರುತ್ತಾರೆ. ಯಾರಿಗೂ ಕೈ ಮುಗಿಯುವುದಿಲ್ಲ, ಕಣ್ಣೊರೆಸಿಕೊಳ್ಳುವುದೂ ಇಲ್ಲ. ಅವರ ಕಣ್ಣೆಲ್ಲ ಮೇಸ್ತ್ರಿಯ ಕಾಲಿನ ಮೇಲೆ. "ನಿಧಾನಕ್ಕೆ ಬಾರಪ್ಪ. ಕಾಲು ಎಳೀಬೇಡ, ಎತ್ತಿ ಎತ್ತಿ ಇಡು. ಕೆಸರು ಏಳುತ್ತೆ." ಕೆಸರು ಆಗಲೇ ಎದ್ದಿದೆ. ಕರಿಯ ಕಾಣೆಯಾಗಿದ್ದಾನೆ. ಮೇಸ್ತ್ರಿ ತಪ್ಪಾಯಿತು ಎನ್ನುವ ಮುಖ ಮಾಡುತ್ತಾನೆ. "ತಾತನಿಗೆ ಹೇಳಿ ತೆಗೆಸಿ," ಎಂದು ಡಾಕ್ಟರಮ್ಮ ಅನ್ನುತ್ತಾರೆ.

"ಕೆಸರಿಗೆ ತಾತ ಏನೂ ಮಾಡಲ್ಲಮ್ಮ. ಕೆಸರಿಗೆ ಮದ್ದು ಅಂದ್ರೆ ಯಾರೂ ಏನೂ ಮಾಡದೆ ಕೂತಿರೋದು."

ಮ್ಯಾನೇಜರು ಹೊರಡುವ ಮುನ್ನ, ಸೋತವರು ದೊಡ್ಡ ಮನಸ್ಸು ಮಾಡುವ ಧಾಟಿಯಲ್ಲಿ, ಇನ್ನೇನಾದರೂ ಬೇಕೇ ಎಂದು ಕೇಳುತ್ತಾರೆ. ಮೀನಕ್ಕ ಯೋಚಿಸುವುದೇ ಇಲ್ಲ. "ವರ್ಷಕ್ಕೊಂದು ಹೊಸ ದೀಪ ಕೊಡಿಸಿ ಸಾರ್. ಹಳೇದು ಉರೀತಿದ್ರೂ. ನಾನು ಬೇಡ ಅಂದ್ರೂ ಕೇಳಬೇಡಿ."

ಸಂಜೆಯ ಹೊತ್ತಿಗೆ ನೀರು ತಿಳಿಯಾಗಿದೆ. ಬೆಂಚಿನ ಮೇಲೆ ಒಬ್ಬ ಹೆಂಗಸು ಬಂದು ಕೂರುತ್ತಾರೆ. ಬೇಸಗೆಯಲ್ಲಿ ಒಂದು ಕಣ್ಣು ಮಾಡಿಸಿಕೊಂಡು ಹೋದವರು, ಈಗ ಎರಡನೆಯದಕ್ಕೆ ಬಂದಿದ್ದಾರೆ. ಕೊಳದೊಳಗೆ ಇಣುಕಿ, ಮೀನಕ್ಕನ ಕಡೆ ತಿರುಗಿ ಮೆಚ್ಚಿ ತಲೆದೂಗುತ್ತಾರೆ.

"ಹೋದ ಸಲ ಎಷ್ಟು ಕೊಳೆಯಾಗಿದ್ವು ಈ ಮೀನು. ಕಾಣ್ತಾನೇ ಇರಲಿಲ್ಲ. ಈಗ ಎಷ್ಟು ಚೆನ್ನಾಗಿ ತೊಳೆದಿಟ್ಟಿದ್ದೀರಮ್ಮ."

ಏಣಿ ಹೊತ್ತು ಹಾದುಹೋಗುತ್ತಿದ್ದ ವೈರಣ್ಣ ನಿಲ್ಲುತ್ತಾನೆ. ಪಂಪು, ಪಾಚಿ, ಬೆಳಕು ಎಲ್ಲ ವಿವರಿಸಲು ಬಾಯಿ ತೆರೆಯುತ್ತಾನೆ. ಮೀನಕ್ಕ ಅವನ ಅಂಗಿಯ ತೋಳು ಹಿಡಿದು ಜಗ್ಗುತ್ತಾರೆ.

"ಹೌದು ತಾಯಿ," ಎನ್ನುತ್ತಾರೆ. "ದಿನಾ ಬೆಳಿಗ್ಗೆ ಎದ್ದು ತೊಳೀತೀನಿ. ಕೈಗೆ ಸಿಗೋದೊಂದೇ ಕಷ್ಟ."